ಪುಸ್ತಕದಲ್ಲಿಲ್ಲದ ಬಾಗಿಲು

ಎರಡು ಕಂಪ್ಯೂಟರುಗಳನ್ನು ಅಕ್ಕಪಕ್ಕ ಇಡಿಸಿ, ಎರಡರಲ್ಲೂ ಒಂದೇ ಇತಿಹಾಸದ ಪಠ್ಯಪುಸ್ತಕ ತೆರೆಯಿರಿ ಎಂದು ಅಚ್ಚುಕೂಟದ ಯಜಮಾನ ಹಾಜಿ ಕಂದಿಲ್ ಹೇಳಿದಾಗಲೇ ಮುಂದೇನು ಕಾದಿದೆ ಎಂದು ಲುತ್ಫಿಗೆ ಹೊಳೆಯಿತು. ಪರೀಕ್ಷೆಯೇನೂ ದೊಡ್ಡದಲ್ಲ. ಮೊದಲ ಪುಟದಿಂದ ಕೊನೆಯ ಪುಟಕ್ಕೆ ಇಳಿಯುವುದು, ನಡುವೆ ಒಂದು ಸಾಲು ಸೇರಿಸುವುದು, ಮತ್ತೆ ಮೇಲಕ್ಕೆ ಹತ್ತುವುದು. ಎಡಗಡೆಯ ಯಂತ್ರದಲ್ಲಿ ದೊಡ್ಡ ಕಂಪನಿಯ ಹೊಸ ಬರವಣಿಗೆ ಪ್ರೋಗ್ರಾಂ. ಬಲಗಡೆಯದರಲ್ಲಿ ಲುತ್ಫಿಯ ಮಿದಾದ್. ಅಲೆಕ್ಸಾಂಡ್ರಿಯಾದ ವಕೀಲರು, ಅಚ್ಚುಕೂಟದವರು, ಪಂಚಾಂಗ ಮಾಡುವವರು ಎಲ್ಲರೂ ವರ್ಷಗಟ್ಟಲೆ ಅರಬ್ಬಿ ಬರೆದದ್ದು ಈ ಮಿದಾದಿನಲ್ಲೇ.

ಅಕ್ಷರ ಜೋಡಿಸುವ ತಫೀದಾ ಎರಡು ಯಂತ್ರಗಳ ನಡುವೆ ಕುರ್ಚಿ ಎಳೆದುಕೊಂಡು ಕೂತಳು. ಎರಡು ಕೈ, ಎರಡು ಕೀಲಿಮಣೆ. ಒಟ್ಟಿಗೇ ಒತ್ತಿದಳು.

ಎಡಗಡೆ ಪುಟಗಳು ನೀರು ಸುರಿದಂತೆ ಇಳಿದವು. ಬಲಗಡೆ ಒಂದೊಂದು ಸಾಲೂ ಬಲದಿಂದ ಎಡಕ್ಕೆ ಎಳೆದುಕೊಂಡು, ನಿಂತು, ಉಸಿರು ತೆಗೆದುಕೊಂಡು, ಮುಂದಿನ ಸಾಲಿಗೆ ಕಾಲಿಟ್ಟಿತು. ಎಡಗಡೆಯ ಪುಸ್ತಕ ಮುಗಿದು ಮೇಲಕ್ಕೆ ಹೊರಟಾಗ ಮಿದಾದ್ ಇನ್ನೂ ಫರೋಗಳ ಕಾಲದಲ್ಲೇ ಇತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಲುತ್ಫಿಗೆ ಒಳ್ಳೆಯದಿತ್ತು, ಜಗಳವಾದರೂ ಆಡಬಹುದಿತ್ತು.

"ಅದು ನಿಧಾನ ಅಲ್ಲ ಹಾಜಿ, ಜಾಗ್ರತೆ," ಅಂದ ಗಲಾಲ್. ಲುತ್ಫಿಯ ಜತೆ ಕೆಲಸ ಮಾಡುವ, ತಲೆ ಪೂರ್ತಿ ಬೋಳಾದ, ಬಾಯಿ ಮಾತ್ರ ಸವೆಯದ ಮನುಷ್ಯ. "ನಮ್ಮ ರಮ್ಲ್ ಟ್ರಾಮ್ ನೋಡಿ. ನಿಧಾನ ಹೋಗುತ್ತೆ, ಆದ್ರೆ ಯಾರನ್ನೂ ಸಾಯ್ಸಿಲ್ಲ."

"ಟ್ರಾಮ್‌ನಲ್ಲಿ ಹೋದೋನು ಸ್ಕೂಲಿಗೆ ಲೇಟಾಗಿ ಹೋಗ್ತಾನೆ ಕಣಯ್ಯ," ಅಂದರು ಹಾಜಿ ಕಂದಿಲ್. ಆಮೇಲೆ ಲುತ್ಫಿಯ ಭುಜದ ಮೇಲೆ ಕೈಯಿಟ್ಟರು. "ಲುತ್ಫಿ, ನಿನ್ನ ಮೇಲೆ ನನಗೆ ಪ್ರೀತಿ ಇದೆ. ಆದ್ರೆ ಶಾಲೆ ಶುರುವಾದ ದಿನ ಸರ್ಕಾರ ನನ್ನ ಹತ್ರ ಪ್ರೀತಿ ಕೇಳಲ್ಲ, ಪುಸ್ತಕ ಕೇಳುತ್ತೆ. ಬರೋ ಶನಿವಾರದ ತನಕ ಕಾಯ್ತೀನಿ. ಓಡಿಸ್ಕೊಂಡು ಬಾ. ಇಲ್ಲಾಂದ್ರೆ ಎಲ್ಲಾ ಯಂತ್ರಕ್ಕೂ ಅವರದ್ದೇ ಹಾಕಿಸ್ತೀನಿ."

ಹಾಜಿ ಕಂದಿಲ್‌ರ ಅಚ್ಚುಕೂಟ ಬಿಟ್ಟಿತೆಂದರೆ ಉಳಿದವರೂ ಬಿಡುತ್ತಾರೆ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಿದಾದ್ ಅಂದರೆ ಲುತ್ಫಿಗೆ ಬರೀ ಹೊಟ್ಟೆಪಾಡಲ್ಲ ಅನ್ನುವುದು ಮಾತ್ರ ಗಲಾಲನಿಗೊಬ್ಬನಿಗೇ ಗೊತ್ತಿತ್ತು.

ಮಿದಾದನ್ನು ಬರೆದವರು ಇಬ್ಬರು. ಒಬ್ಬ ಲುತ್ಫಿ. ಇನ್ನೊಬ್ಬಳು ಇನ್ಶಿರಾ. ಮೀನುಬಲೆ ಮಾರುವ ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸಿನಲ್ಲಿ ಎದುರುಬದುರು ಮೇಜು ಹಾಕಿಕೊಂಡು, ಬೆಳಗಿನಿಂದ ಕತ್ತಲಾಗುವ ತನಕ ಬೈದಾಡಿಕೊಂಡು ಬರೆದರು. ಪುಟವನ್ನು ಲೆಕ್ಕ ಹಾಕುವುದು, ಉಳಿಸುವುದು, ಅಚ್ಚಿಗೆ ಕಳಿಸುವುದು ಅವನ ಪಾಲು. ಅಕ್ಷರವನ್ನು ತೆರೆಯ ಮೇಲೆ ಬಿಡಿಸುವುದು ಅವಳ ಪಾಲು. ಜನ ಇವರಿಬ್ಬರೂ ಮದುವೆಯಾಗುತ್ತಾರೆ ಎಂದುಕೊಂಡಿದ್ದರು. ಲುತ್ಫಿಯೂ ಹಾಗೇ ಎಂದುಕೊಂಡಿದ್ದ. ಕೇಳುವುದಕ್ಕೆ ಒಂದು ಬಿಡುವಿನ ದಿನ ಬರಲಿ ಎಂದು ಕಾಯುತ್ತಿದ್ದ. ಪ್ರೋಗ್ರಾಂ ಬರೆಯುವವರಿಗೆ ಬಿಡುವಿನ ದಿನ ಯಾವ ಕಾಲಕ್ಕೆ ಬಂದಿದೆ?

ಮೂರು ವರ್ಷದ ಹಿಂದೆ ದೊಡ್ಡ ಕಂಪನಿ ದುಬೈಯಲ್ಲಿ ಆಫೀಸು ತೆರೆದು ಅವಳನ್ನು ಕರೆಯಿತು. ಕಂಪ್ಯೂಟರಿನ ಬುಡದಲ್ಲಿ ಕೂತು ಉಳಿದೆಲ್ಲ ಪ್ರೋಗ್ರಾಂಗಳನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಆ ಕಂಪನಿಯದೇ. ಅದನ್ನು ಅರಬ್ಬಿಗೆ ಒಗ್ಗಿಸುವ ಕೆಲಸ.

"ಇಷ್ಟು ವರ್ಷ ನಾವು ಗೋಡೆ ಆಚೆಯಿಂದ ತಟ್ಟಿ ತಟ್ಟಿ, ಒಳಗೆ ಏನಿದೆ ಅಂತ ಕಿವಿ ಇಟ್ಟು ಕೇಳಿದ್ವಿ ಲುತ್ಫಿ," ಅಂದಿದ್ದಳು. "ನಾನೊಂದ್ಸಲ ಒಳಗೆ ಹೋಗಿ ನೋಡ್ಬೇಕು. ನೋಡ್ದೆ ಸಾಯಕ್ಕಾಗಲ್ಲ."

ಹಣಕ್ಕೆ ಹೋಗಿದ್ದರೆ ಅವನು ಹೋಗಬೇಡ ಎನ್ನುತ್ತಿದ್ದ. ಒಳಗೆ ನೋಡಬೇಕು ಅನ್ನುವವಳಿಗೆ ಏನು ಹೇಳುವುದು? ಅವನಿಗೂ ಅದೇ ಆಸೆ ಇತ್ತಲ್ಲ.

ಅವಳು ಹೋದ ಮೇಲೆ ಮಿದಾದ್ ಉಳಿಯಿತು. ಅದನ್ನು ತೆರೆದಾಗಲೆಲ್ಲ ಅವನ ಲೆಕ್ಕ, ಅವಳ ಗೆರೆ ಎರಡೂ ಸೇರಿ ಒಂದು ಪುಟ ಮೂಡುತ್ತಿತ್ತು. ಊರಿನ ಯಾವುದೋ ಓಣಿಯಲ್ಲಿ ಯಾರೋ ಗುಮಾಸ್ತ ಬಾಡಿಗೆ ಕರಾರು ಬರೆಯುತ್ತಿದ್ದರೂ ಅಷ್ಟು ಹೊತ್ತು ಅವರಿಬ್ಬರೂ ಒಂದೇ ಮೇಜಿನಲ್ಲಿ ಇದ್ದಂತೆ. ಹುಚ್ಚು ಅನ್ನಿ. ಲುತ್ಫಿ ಅದನ್ನು ಹಿಡಿದುಕೊಂಡೇ ಬದುಕುತ್ತಿದ್ದ.

ಆ ದಿನ ಅಚ್ಚುಕೂಟದಿಂದ ಆಫೀಸಿಗೆ ಬಂದವನೇ ಅವನು ಕೋಟನ್ನು ಕುರ್ಚಿಗೆ ಎಸೆದ. ಅದು ಕುರ್ಚಿ ತಪ್ಪಿ ನೆಲಕ್ಕೆ ಬಿತ್ತು.

"ಅವರಿಗೇನು ನಮಗಿಂತ ಹೆಚ್ಚು ತಲೆ ಇದೆಯಾ? ಅದೇ ಯಂತ್ರ, ಅದೇ ಸಿಸ್ಟಮ್, ಅದೇ ಅರಬ್ಬಿ! ಅಷ್ಟು ವೇಗ ಎಲ್ಲಿಂದ ಬಂತು?"

"ಕೂಗಿದ್ರೆ ಬರಲ್ಲ ಅನ್ನೋದು ಗೊತ್ತಾಯ್ತು," ಅಂದ ಗಲಾಲ್. "ನೀನು ಕೂಗ್ತಾ ಇರು. ನಾನು ಅದರ ಹೊಟ್ಟೆ ಕೊಯ್ದು ನೋಡ್ತೀನಿ."

ಗೋಡೆಯ ಉದ್ದಕ್ಕೂ ಕಂಪನಿಯದೇ ದಪ್ಪ ದಪ್ಪ ಪುಸ್ತಕಗಳಿದ್ದವು. ಆಪರೇಟಿಂಗ್ ಸಿಸ್ಟಮ್ಮಿನ ಕೈಯಲ್ಲಿ ಏನೇನು ಮಾಡಿಸಿಕೊಳ್ಳಬಹುದು, ಹೇಗೆ ಕೇಳಬೇಕು ಎಂದು ಹೊರಗಿನವರಿಗೆ ತಿಳಿಸಲು ಕಂಪನಿ ಮಾರುತ್ತಿದ್ದ ಪುಸ್ತಕಗಳು. ಗೆರೆ ಎಳೆಯಲು ಒಂದು ಹೆಸರು, ಕಡತ ತೆರೆಯಲು ಒಂದು ಹೆಸರು. ಈ ಆಫೀಸಿನವರು ಅವಕ್ಕೆ ಬಾಗಿಲು ಎನ್ನುತ್ತಿದ್ದರು. ಹೆಸರು ಹಿಡಿದು ತಟ್ಟಿದರೆ ಸಿಸ್ಟಮ್ ಬಾಗಿಲು ತೆರೆದು ಕೆಲಸ ಮಾಡಿಕೊಡುತ್ತದೆ. ಪುಸ್ತಕದಲ್ಲಿರುವ ಬಾಗಿಲುಗಳಷ್ಟೇ ಇರುವುದು ಎಂದು ನಂಬಿ ಲೋಕದ ಪ್ರೋಗ್ರಾಂ ಬರೆಯುವವರೆಲ್ಲ ಬೆವರು ಸುರಿಸುತ್ತಿದ್ದರು.

ಬುಧವಾರ ಮಧ್ಯಾಹ್ನ ಗಲಾಲ್ ಕರೆದ.

"ಲುತ್ಫಿ, ಇಲ್ಲಿ ಬಾ. ಕಾಫಿ ಲೋಟ ಅಲ್ಲೇ ಇಟ್ಟು ಬಾ, ಆಮೇಲೆ ಎಸೀತೀಯ."

"ಏನಯ್ಯ?"

"ಇವರ ಪ್ರೋಗ್ರಾಂ ಪುಟ ಉರುಳಿಸ್ಬೇಕಾದ್ರೆ ಎಲ್ಲಿಗೆ ಹೋಗುತ್ತೆ ಅಂತ ಹಿಂದೆ ಹಿಂದೇನೇ ಹೋದೆ. ಇಲ್ಲಿ ನೋಡು. ಒಂದು ಬಾಗಿಲು ತಟ್ಟುತ್ತೆ. ಅದಕ್ಕೆ ಹೆಸರೇ ಇಲ್ಲ. ಬರೀ ಒಂದು ನಂಬರು. ಒಂದ್ಸಲ ತಟ್ಟಿದ್ರೆ ಪೂರ್ತಿ ಪುಟ ಬಲದಿಂದ ಎಡಕ್ಕೆ ತಾನೇ ಜೋಡಿಸ್ಕೊಂಡು ಬರುತ್ತೆ. ನಾವು ಒಂದೊಂದೇ ಸಾಲು ತಳ್ಳಿ ಸಾಯ್ತಿದ್ದೀವಲ್ಲ, ಅದೆಲ್ಲ ಒಂದೇ ಏಟಿಗೆ."

ಲುತ್ಫಿ ಪುಸ್ತಕಗಳ ಕಡೆ ನೋಡಿದ.

"ನೋಡಾಯ್ತು," ಅಂದ ಗಲಾಲ್. "ಯಾವ ಪುಸ್ತಕದಲ್ಲೂ ಇಲ್ಲ. ಮನೆ ಕಟ್ಟಿದೋರು ಅವರೇ, ಹಿತ್ತಲ ಬಾಗಿಲು ಅವರಿಗೆ ಮಾತ್ರ. ನಮಗೆ ಮುಂದಿನ ಬಾಗಿಲಲ್ಲಿ ಕ್ಯೂ."

ಲೋಟ ಮೇಜಿನ ಮೇಲಿದ್ದದ್ದು ಒಳ್ಳೆಯದಾಯಿತು. ಲುತ್ಫಿ ಎರಡು ಕೋಣೆಯಲ್ಲೂ ತಿರುಗಾಡಿ ಬಾಯಿಗೆ ಬಂದದ್ದೆಲ್ಲ ಬೈದ. ಕೆಳಗಿನ ಬಲೆ ಅಂಗಡಿಯವನು ಮೆಟ್ಟಿಲ ಬುಡಕ್ಕೆ ಬಂದು, ಮೇಲೆ ಎಲ್ಲರೂ ಕ್ಷೇಮವೇ ಎಂದು ಕೂಗಿ ಕೇಳಿದ.

"ಬೈದಾಯ್ತಾ?" ಅಂದ ಗಲಾಲ್. "ಈಗ ನಾವೂ ಅದೇ ಬಾಗಿಲು ತಟ್ಟೋಣ."

ತಟ್ಟಿದರು. ಯಂತ್ರ ಕಲ್ಲಾಗಿ ನಿಂತಿತು. ಮತ್ತೆ ತಟ್ಟಿದರು. ಮತ್ತೆ ಕಲ್ಲು. ಬಾಗಿಲಿಗೆ ಆರು ಸಂಗತಿ ಹೇಳಬೇಕು ಎನ್ನುವುದು ಕಾಣುತ್ತಿತ್ತು. ಯಾವುದು ಏನು, ಯಾವುದಾದ ಮೇಲೆ ಯಾವುದು ಎನ್ನುವುದು ತಿಳಿಯಲಿಲ್ಲ. ಗುರುವಾರ ಬೆಳಗ್ಗೆ ಗಲಾಲ್ ಕಂಪನಿಯ ಪ್ರೋಗ್ರಾಂ ಕೊಡುವ ಆರು ಸಂಖ್ಯೆಗಳನ್ನು ಹಾಳೆಯ ಮೇಲೆ ಬರೆದುಕೊಂಡು ತಲೆ ಕೆರೆದುಕೊಳ್ಳುತ್ತಿದ್ದ.

"ಇದೊಂದು ವಿಚಿತ್ರ ಕಣೋ. ಮೂರನೇದು ಯಾವಾಗಲೂ ಸೊನ್ನೆ. ಏನು ಮಾಡಿದ್ರೂ ಸೊನ್ನೆ. ಉಪಯೋಗಾನೇ ಇಲ್ಲದ್ದಕ್ಕೆ ಜಾಗ ಯಾಕೆ ಬಿಟ್ಟಿದ್ದಾರೆ?"

ಲುತ್ಫಿ ಹಾಳೆಯನ್ನು ಕಿತ್ತುಕೊಂಡ. ನೋಡಿದ. ಆಮೇಲೆ ನಿಧಾನಕ್ಕೆ ಕುರ್ಚಿಯಲ್ಲಿ ಕೂತ.

ರಶೀದ್ ಊರಿನ ಇನ್ಶಿರಾಳ ಮನೆಯಲ್ಲಿ ಊಟಕ್ಕೆ ಕೂತಾಗ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದರು. ಬರುವವರು ಬರಲಿ, ಬಿಡಲಿ. ಬಂದವನ ಮುಂದೆ ಎದ್ದು ತಟ್ಟೆ ಹುಡುಕುವುದು ಅವನಿಗೆ ಅವಮಾನ ಎಂದು ಅವಳ ಅಜ್ಜಿಯ ವಾದ. ಇನ್ಶಿರಾ ಅದನ್ನು ಪ್ರೋಗ್ರಾಂ ಒಳಗೂ ತಂದಿದ್ದಳು. ತಾನು ಬರೆದ ಪ್ರತಿಯೊಂದರಲ್ಲೂ ಮೂರನೆಯ ಜಾಗವನ್ನು ಖಾಲಿ ಬಿಡುತ್ತಿದ್ದಳು. ನಾಳೆ ಏನೋ ಹೊಸದು ಸೇರಿಸಬೇಕಾಗಿ ಬಂದರೆ ಗೋಡೆ ಒಡೆಯಬಾರದಲ್ಲ ಎನ್ನುತ್ತಿದ್ದಳು. ಲುತ್ಫಿ ಅದಕ್ಕೆ ಬೈಯದ ದಿನವಿಲ್ಲ. ಲೋಕದಲ್ಲಿ ಇನ್ನೊಬ್ಬರು ಹೀಗೆ ಬರೆಯುವವರನ್ನು ಅವನು ಕಂಡಿರಲಿಲ್ಲ. ಹೆಚ್ಚಿಗೆ ಜಾಗ ಬೇಕಿದ್ದವರು ಕೊನೆಯಲ್ಲಿ ಬಿಡುತ್ತಾರೆ, ನಡುವೆ ಯಾರು ಬಿಡುತ್ತಾರೆ?

"ಏನಾಯ್ತೋ? ಮುಖ ಯಾಕೆ ಹಂಗಾಯ್ತು?"

"ಇದು ಅವಳು ಬರೆದಿದ್ದು," ಅಂದ ಲುತ್ಫಿ.

ಗಲಾಲ್ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು ಮೂರನೆಯ ಸೊನ್ನೆಯ ಸುತ್ತ ಗೆರೆ ಎಳೆದ. 

ಅವಳದೆಂದು ಗೊತ್ತಾದ ಮೇಲೆ ಕಷ್ಟವೇನಿರಲಿಲ್ಲ. ಅವಳು ಮೊದಲು ಯಾರಿಗೆ ಎಂದು ಕೇಳುತ್ತಾಳೆ, ಆಮೇಲೆ ಎಷ್ಟು, ಆಮೇಲೆ ಖಾಲಿ, ಆಮೇಲೆ ಎಲ್ಲಿಂದ, ಎಲ್ಲಿಗೆ, ಕೊನೆಗೆ ಏನನ್ನು. ಲುತ್ಫಿ ಆ ಕ್ರಮದಲ್ಲಿ ಬರೆದು ತಟ್ಟಿದ. ಪುಟ ಇಡೀ ಒಂದೇ ಸಲಕ್ಕೆ ಬಂದು ನಿಂತಿತು. ಕೀಲಿ ಒತ್ತಿ ಹಿಡಿದ. ಮಿದಾದ್ ಓಡಿತು. ಸಾಲುಗಳು ಒಂದರ ಹಿಂದೊಂದು ಹಾರಿ ಹೋದವು. ಪುಟಗಳ ಲೆಕ್ಕ ಅವನದು, ಅದನ್ನು ಬಿಡಿಸುತ್ತಿದ್ದ ಕೈ ಅವಳದು, ದುಬೈಯಿಂದ.

ಗಲಾಲ್ ಎದ್ದು ಕುಣಿದ. ಲುತ್ಫಿ ಅವನ ಅಂಗಿ ಹಿಡಿದು ಕೂರಿಸಿದ.

"ಇದನ್ನ ಈ ಕೋಣೆಯಿಂದ ಆಚೆ ತಗೊಂಡು ಹೋಗ್ಬೇಡ. ನಾನು ಅವಳ ಹತ್ರ ಮಾತಾಡ್ಬೇಕು."

"ಅವಳ ಅಪ್ಪಣೆ ಯಾಕೆ? ನಾವೇ ಹುಡುಕಿದ್ದು! ಕದ್ವಾ?"

"ಅಪ್ಪಣೆಗಲ್ಲ."

"ಮತ್ತೆ?"

 ಅವಳ ದನಿ ಕೇಳಲು ಒಂದು ನೆಪ ಸಿಕ್ಕಿತ್ತು, ಅಷ್ಟೇ ನಿಜ.

ಶುಕ್ರವಾರದ ನಮಾಜು ಮುಗಿದ ಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡಂದಿರು, ಮಕ್ಕಳು, ಅಳಿಯಂದಿರು ಎಲ್ಲರೂ ಕೊಲ್ಲಿಯ ದೇಶಗಳಲ್ಲಿ. ಕರೆಗೆ ಹೆಸರು ಕೊಟ್ಟು ಬೆಂಚಿನ ಮೇಲೆ ಕೂತವರೆಲ್ಲ ಏನು ಹೇಳಬೇಕು ಎಂದು ತುಟಿ ಅಲ್ಲಾಡಿಸುತ್ತ ಅಭ್ಯಾಸ ಮಾಡುತ್ತಿದ್ದರು.

"ದುಬೈ! ದುಬೈ ಕೇಳಿದ್ದು ಯಾರು? ಕೊನೇ ಕ್ಯಾಬಿನ್! ಬೇಗ ಬೇಗ!"

ಲುತ್ಫಿ ಓಡಿಹೋಗಿ ಬಾಗಿಲು ಹಾಕಿಕೊಂಡು ಫೋನ್ ಎತ್ತಿದ.

"ಹಲೋ?"

"ನಾನು."

"ಯಾರು ನಾನು?" ಒಂದು ಗಳಿಗೆ ಬಿಟ್ಟು, "ಲುತ್ಫಿ! ಯಾರು ತೀರಿಕೊಂಡ್ರು?"

"ಯಾರೂ ಸತ್ತಿಲ್ಲ. ಯಾರಾದ್ರೂ ಸತ್ರೇನೇ ಫೋನ್ ಮಾಡ್ಬೇಕಾ?"

"ನೀನು ಹಂಗೇ ಅಲ್ವಾ. ನಮ್ಮಪ್ಪ ಹೋದಾಗ ಮಾಡಿದ್ದೆ. ಅದು ಬಿಟ್ರೆ ಇವತ್ತೇ." ಅವಳ ದನಿಯಲ್ಲಿ ನಗುವಿತ್ತು. "ಗಲಾಲ್ ತಲೇಲಿ ಕೂದಲಿದೆಯಾ?"

"ನೀನು ಬಿಟ್ಟು ಹೋದಾಗ ಇದ್ದ ನಾಲ್ಕೂ ಹೋದ್ವು."

"ಊಟ ಮಾಡಿದ್ಯಾ?"

"ಇನ್ಶಿರಾ, ಆ ಬಾಗಿಲು ನನಗೆ ಸಿಕ್ತು."

"ಯಾವ ಬಾಗಿಲು?"

"ಹೆಸರಿಲ್ಲದ್ದು. ಮೂರನೇ ಜಾಗ ಖಾಲಿ ಇರೋದು."

 ಪಕ್ಕದ ಕ್ಯಾಬಿನ್ನಿನಲ್ಲಿ ಒಬ್ಬ ಹೆಂಗಸು ಕುವೈತಿನಲ್ಲಿದ್ದ ಗಂಡನಿಗೆ ಫ್ರಿಜ್ಜಿನ ಅಳತೆ ಹೇಳುತ್ತಿದ್ದಳು.

"ನಾನು ಯಾರಿಗೂ ಹೇಳಿಲ್ಲ," ಅಂದಳು ಇನ್ಶಿರಾ. ದನಿ ಇಳಿದಿತ್ತು.

"ಗೊತ್ತು. ನಿನ್ನ ಕೈ ನೋಡಿ ಗುರುತು ಹಿಡಿದೆ."

"ನಾನು ಹೇಳಿಲ್ಲ ಅನ್ನೋದು ನಿನಗೆ ಗೊತ್ತು. ಅವರಿಗೆ ಗೊತ್ತಾಗಲ್ಲ."

"ಪುಸ್ತಕದಲ್ಲಿ ಯಾಕೆ ಹಾಕಿಲ್ಲ ಅದನ್ನ?"

"ಕೇಳ್ದೆ. ಹೊರಗಿನೋರಿಗೂ ಬೇಕಾಗುತ್ತೆ, ಹಾಕಿ ಅಂದೆ. ಮುಂದಿನ ಸಲ ನೋಡೋಣ ಅಂದ್ರು. ಮತ್ತೆ ಕೇಳ್ದೆ. ಮತ್ತೆ ಮುಂದಿನ ಸಲ ಅಂದ್ರು."

"ಮುಂದಿನ ಸಲ ಅಂದ್ರೆ ನಾವೆಲ್ಲ ಮಣ್ಣಾದ ಮೇಲೆ! ಇದೇನು ಪಂದ್ಯಾನಾ? ರಸ್ತೆ ಹಾಕಿದೋರು ಅವರೇ, ಓಡೋರೂ ಅವರೇ, ಅಡ್ಡದಾರಿ ಮುಚ್ಚಿಟ್ಕೊಂಡೋರೂ ಅವರೇ! ನಾನು ಸೋತ್ರೆ ನನ್ನ ಕಾಲು ಸರಿ ಇಲ್ಲ ಅಂತಾರೆ! ನ್ಯಾಯವಾಗಿ ಓಡಿ ಸೋತಿದ್ರೆ..."

"ಕೂಗ್ಬೇಡ. ಪಕ್ಕದವಳ ಫ್ರಿಜ್ಜಿನ ಅಳತೆ ತಪ್ಪಿಹೋಗುತ್ತೆ."

 ತಂತಿಯ ಆ ತುದಿಗೂ ಅದೆಲ್ಲ ಕೇಳುತ್ತಿತ್ತು ಎನ್ನುವುದೇ ಅವನಿಗೆ ಒಂಥರಾ ಸುಖವಾಯಿತು.

"ಲುತ್ಫಿ, ಅದು ಗೊತ್ತಿರೋದು ಇಲ್ಲಿ ನಾಲ್ಕೈದು ಜನಕ್ಕೆ. ನಾಳೆ ಅದು ಹೊರಗಿನ ಒಂದು ಪ್ರೋಗ್ರಾಂ ಒಳಗೆ ಕಾಣಿಸಿದ್ರೆ... ಅದೂ ಅಲೆಕ್ಸಾಂಡ್ರಿಯಾದಲ್ಲಿ. ಅದೂ ಮಿದಾದ್‌ನಲ್ಲಿ..." 

"ನಿನ್ನ ಕೆಲಸ ಹೋಗುತ್ತೆ."

"ಕೆಲಸ ಹೋದ್ರೆ ಹೋಗ್ಲಿ. ಕೋರ್ಟಿಗೆ ಎಳೀತಾರೆ. ಒಳಗಿನದ್ದು ಹೊರಗೆ ಹೇಳಲ್ಲ ಅಂತ ರುಜು ಹಾಕಿದ್ದೀನಲ್ಲ. ಆಮೇಲೆ ಎಲ್ಲೂ ಯಾರೂ ನನ್ನ ಕೈಗೆ ಕೀಲಿಮಣೆ ಕೊಡಲ್ಲ."

"ಬೇಡ ಅಂತೀಯಾ ಹಾಗಾದ್ರೆ?"

"ಬೇಡ ಅನ್ನಲ್ಲ. ನೀನು ಕಷ್ಟಪಟ್ಟು ಹುಡುಕಿದ್ದು. ನಾನ್ಯಾರು ಬೇಡ ಅನ್ನೋಕೆ? ಮಿದಾದ್ ಉಳೀಬೇಕು ಅಂತ ನನಗೂ ಇದೆ. ನಿನಗಿಂತ ಒಂದು ಗುಲಗಂಜಿ ಕಮ್ಮಿ ಇಲ್ಲ."

ಎಕ್ಸ್‌ಚೇಂಜಿನವನು ಗಾಜಿಗೆ ಬೆರಳಿನಿಂದ ಕುಟ್ಟಿದ. ಹೊತ್ತಾಗುತ್ತಿತ್ತು.

"ಒಳಗೆ ಹೆಂಗಿದೆ?" ಅಂದ ಲುತ್ಫಿ. "ನೋಡಿದ್ಯಲ್ಲ."

"ನಮ್ಮ ರಶೀದ್ ಮನೆ ಇದೆಯಲ್ಲ, ಹಂಗೇ. ಅಲ್ಲಲ್ಲಿ ತೇಪೆ. ಯಾವ ಗೋಡೆ ಯಾರು ಕಟ್ಟಿದ್ದು ಅಂತ ಯಾರಿಗೂ ಗೊತ್ತಿಲ್ಲ. ಒಂದು ಕಡೆ ಬರೆದಿದ್ದಾರೆ, ಇದನ್ನ ಮುಟ್ಬೇಡಿ, ಯಾಕೆ ನಡೀತಿದೆ ಅಂತ ಗೊತ್ತಿಲ್ಲ, ಅಂತ." ಅವಳು ನಕ್ಕಳು. "ನಾನು ಏನೇನೋ ಅಂದ್ಕೊಂಡು ಬಂದೆ. ಇಲ್ಲಿ ಎಲ್ಲಾ ಮೆತ್ತಗೆ ಮಾತಾಡ್ತಾರೆ ಲುತ್ಫಿ. ತಪ್ಪು ಬರೆದ್ರೂ ಯಾರೂ ಬೈಯಲ್ಲ. ಒಂದೊಂದ್ಸಲ ಬೇಕಂತಲೇ ತಪ್ಪು ಬರೆದು ಎದುರಿನ ಮೇಜಿನ ಕಡೆ ನೋಡ್ತೀನಿ."

ಬಾ ಎನ್ನುವ ಒಂದು ಅಕ್ಷರ ಅವನ ಗಂಟಲಿಗೆ ಬಂತು. ಆಗಲೇ ಕಟ್ ಎಂದು ಶಬ್ದವಾಗಿ ತಂತಿ ಸತ್ತಿತು. ಅವನು ಸತ್ತ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದ. ಎಕ್ಸ್‌ಚೇಂಜಿನವನು ಬಾಗಿಲು ತೆಗೆದು, "ಯಜಮಾನ್ರೇ, ಮುಂದಿನೋರಿಗೆ ಬಿಡಿ," ಅನ್ನಬೇಕಾಯಿತು.

ಶನಿವಾರ ಬೆಳಗ್ಗೆ ಲುತ್ಫಿ ತಡವಾಗಿ ಎದ್ದ. ಏನು ಮಾಡಬೇಕೆಂದು ತೀರ್ಮಾನಿಸಿದ್ದ. ಹಳೆಯ ಮಿದಾದನ್ನೇ ಹಾಜಿ ಕಂದಿಲ್‌ರ ಮುಂದಿಟ್ಟು ಇನ್ನಷ್ಟು ದಿನ ಕೇಳುವುದು, ಕಾಲು ಹಿಡಿದಾದರೂ ಸರಿ. ಆಫೀಸಿಗೆ ಹೋದರೆ ಗಲಾಲ್ ಇರಲಿಲ್ಲ. ಓಡುವ ಮಿದಾದನ್ನು ತುಂಬಿ ಮೇಜಿನ ಮೇಲಿಟ್ಟಿದ್ದ ಫ್ಲಾಪಿಯೂ ಇರಲಿಲ್ಲ.

ಅವನು ಟ್ರಾಮಿಗೆ ಕಾಯದೆ ಓಡಿದ. ಈ ಊರಿನಲ್ಲಿ ಒಂದು ಫ್ಲಾಪಿ ಒಂದು ಯಂತ್ರಕ್ಕೆ ಹೋಯಿತೆಂದರೆ ಸಂಜೆಗೆ ಪಕ್ಕದ ಅಂಗಡಿ, ವಾರದೊಳಗೆ ಕೈರೋ. ಕೊಂಡುಕೊಂಡು ಉಪಯೋಗಿಸುವವರಿಗಿಂತ ನಕಲು ಮಾಡಿಕೊಂಡು ಉಪಯೋಗಿಸುವವರೇ ಹೆಚ್ಚು. ದುಬೈಗೆ ಮುಟ್ಟಲು ಎಷ್ಟು ಹೊತ್ತು?

ಅಚ್ಚುಕೂಟದ ಬಾಗಿಲಲ್ಲೇ ಹಾಜಿ ಕಂದಿಲ್ ಅವನನ್ನು ಹಿಡಿದು ಎರಡೂ ಕೆನ್ನೆಗೆ ಮುತ್ತಿಟ್ಟರು.

"ಎಲ್ಲಿ ಮುಚ್ಚಿಟ್ಟಿದ್ದೆಯೋ ಕಳ್ಳ ಇದನ್ನ? ನನ್ನ ಹೊಟ್ಟೆ ಉರಿಸೋಕೆ ಅಂತಲೇ ಮೊದ್ಲು ಆ ಆಮೆ ತೋರಿಸಿದ್ಯಾ? ಶರಬತ್ತು! ಮುಹಂದಿಸ್‌ಗೆ ಶರಬತ್ತು ಕೊಡ್ರೋ!"

ಇಂಜಿನಿಯರನ್ನು ಮುಹಂದಿಸ್ ಎಂದು ಕರೆಯುವ ಊರದು. ಹಾಜಿ ಇಷ್ಟು ದಿನ ಅವನನ್ನು ಬರೀ ಲುತ್ಫಿ ಎನ್ನುತ್ತಿದ್ದರು. ಮದುವೆ ಮನೆಯಲ್ಲಿ ಹಂಚುವಂತೆ ಕೆಂಪು ಶರಬತ್ತಿನ ಲೋಟಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಗಲಾಲ್ ಮೂಲೆಯಲ್ಲಿ ನಿಂತು, ಬೈಸಿಕೊಳ್ಳಲು ತಯಾರಾದ, ಆದರೆ ಖುಷಿ ತಡೆಯಲಾರದ ಮುಖ ಮಾಡಿಕೊಂಡಿದ್ದ.

"ಎಷ್ಟು ಯಂತ್ರಕ್ಕೆ ಹಾಕಿದ್ದೀಯ?" ಅಂದ ಲುತ್ಫಿ.

"ತಫೀದಾ ಅಬ್ಲಾದು ಒಂದಕ್ಕೇ, ಸದ್ಯ."

"ಫ್ಲಾಪಿ ಕೊಡು."

ಗಲಾಲ್ ಕೊಟ್ಟ.

"ಮುಹಂದಿಸ್ರೇ, ನೋಡಿ ಇಲ್ಲಿ!" ತಫೀದಾ ಕೂಗಿ ಕರೆದಳು. ಅವಳು ಮಿದಾದಿನ ಹುಟ್ಟಿನಿಂದ ಮಿದಾದಿನಲ್ಲೇ ಬೆರಳು ಸವೆಸಿದವಳು, ಎಲ್ಲರಿಗೂ ಅಕ್ಕ, ಎಲ್ಲರೂ ಅವಳನ್ನು ಅಬ್ಲಾ ಎನ್ನುತ್ತಿದ್ದರು. "ಆ ಪರದೇಶಿ ಪ್ರೋಗ್ರಾಂ ನೋಡಿ ನನಗೆ ಅಳುನೇ ಬಂದಿತ್ತು. ಇನ್ನು ಈ ವಯಸ್ಸಲ್ಲಿ ಹೊಸದು ಕಲೀಬೇಕಲ್ಲ ಅಂತ. ನೋಡಿ, ನೋಡಿ!"

ಅವಳು ಕೀಲಿ ಒತ್ತಿದಳು. ಇತಿಹಾಸದ ಪುಸ್ತಕ ಓಡಿತು. ಫರೋಗಳು, ರೋಮನ್ನರು, ಅರಬರು, ಮಮ್ಲೂಕರು ಯಾರೂ ನಿಲ್ಲಲಿಲ್ಲ. ಲುತ್ಫಿ ಅವಳ ಕುರ್ಚಿಯ ಹಿಂದೆ ನಿಂತು ಕೊನೆಯ ಪುಟದವರೆಗೂ ನೋಡಿದ. ಇಷ್ಟು ವರ್ಷ ಇಬ್ಬರೂ ಕೂತು ಇದು ಹೀಗೆ ಓಡಬೇಕು ಎಂದು ಕನಸು ಕಂಡಿದ್ದರು. ಅದು ಇದೇ.

"ಇನ್ನೊಂದ್ಸಲ, ಅಬ್ಲಾ," ಅಂದ.

ಅವಳು ಇನ್ನೊಂದು ಸಲ ಓಡಿಸಿದಳು. ಅವನು ಕಣ್ಣು ಮಿಟುಕಿಸದೆ ನೋಡಿದ. ಆಮೇಲೆ ಅಂದ, "ಏಳಿ, ಅಬ್ಲಾ. ಒಂದು ನಿಮಿಷ."

ಕೂತ. ಅಳಿಸಿದ. ಜೇಬಿನಿಂದ ಹಳೆಯ ಮಿದಾದಿನ ಫ್ಲಾಪಿ ತೆಗೆದು ಹಾಕಿದ. ಏನಾಗುತ್ತಿದೆ ಎಂದು ಕೋಣೆಗೆ ತಿಳಿಯುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಏನೋ ಮಾಡಿದೆ?" ಹಾಜಿ ಕಂದಿಲ್ ಲೋಟ ಹಿಡಿದೇ ಬಂದರು.

"ಅದನ್ನ ಕೊಡಕ್ಕಾಗಲ್ಲ, ಹಾಜಿ."

"ತಲೆ ಕೆಟ್ಟಿದೆಯಾ ನಿನಗೆ? ಊರಿಗೆಲ್ಲ ಶರಬತ್ತು ಕುಡಿಸಿದ್ದೀನಿ!"

"ಅದು ಅವರ ಸಿಸ್ಟಮ್‌ನಲ್ಲಿ ಮುಚ್ಚಿಟ್ಟ ಬಾಗಿಲಿಂದ ನಡೆಯೋದು. ನಾಳೆ ಅವರು ಅದಕ್ಕೆ ಗೋಡೆ ಹಾಕಿದ್ರೆ ನಿಮ್ಮ ಪುಸ್ತಕ ಅರ್ಧಕ್ಕೆ ನಿಲ್ಲುತ್ತೆ."

"ನಾಳೇದು ನಾಳೆ ನೋಡ್ಕೋತೀನಿ! ಅವರು ಅದರಲ್ಲಿ ಓಡಿಸ್ಬೋದು, ನೀನು ಓಡಿಸ್ಬಾರ್ದಾ? ಗಂಡಸಾ ನೀನು?"

ಲುತ್ಫಿಗೆ ಕೋಪ ನೆತ್ತಿಗೇರಿತು. ಇದೇ ಮಾತನ್ನು ಅವನೇ ನಿನ್ನೆ ಕ್ಯಾಬಿನ್ನಿನಲ್ಲಿ ನಿಂತು ಕೂಗಿದ್ದ. ಒಂದೊಂದು ಮಾತೂ ಸರಿಯೇ. ಕೂಗಿ ಹೇಳುವ ಹಾಗಿಲ್ಲ, ಅಷ್ಟೇ. ಹಲ್ಲು ಕಚ್ಚಿ ನಿಂತ.

ಹಾಜಿ ಕಂದಿಲ್ ಅವನ ಮುಖವನ್ನು ನೋಡುತ್ತ ನೋಡುತ್ತ ದನಿ ಇಳಿಸಿದರು. ಉಳಿದವರನ್ನೆಲ್ಲ ಕೈ ಬೀಸಿ ಆಚೆ ಕಳಿಸಿದರು.

"ಕದ್ದಿದ್ಯಾ?"

"ಕದ್ದಿಲ್ಲ. ಆದ್ರೆ ಕದ್ದ ಹಾಗೆ ಕಾಣುತ್ತೆ. ಏಟು ನನಗಲ್ಲ, ಬೇರೆಯವರಿಗೆ ಬೀಳುತ್ತೆ."

ಮುದುಕರು ಲೋಟವನ್ನು ಲುತ್ಫಿಯ ಪಕ್ಕ ಇಟ್ಟರು. "ಎದುರು ಮೇಜಿನವಳಿಗಾ?" ಅಂದರು.

ಲುತ್ಫಿ ಯಂತ್ರದ ತಂತಿಗಳನ್ನು ಸರಿಪಡಿಸುವವನಂತೆ ಬಗ್ಗಿದ.

"ಸರಿ. ನಾನು ಕೇಳಿಲ್ಲ, ನೀನು ಹೇಳಿಲ್ಲ," ಅಂದರು ಹಾಜಿ. "ಆದ್ರೆ ನನ್ನ ಪುಸ್ತಕ ನಿನ್ನ ಮನಸ್ಸಿಗೋಸ್ಕರ ನಿಲ್ಲಲ್ಲ. ಈ ವರ್ಷದ್ದು ಅವರದ್ರಲ್ಲೇ ಆಗುತ್ತೆ. ಮುಂದಿನ ವರ್ಷ ಪುಸ್ತಕ ಶುರುವಾಗೋ ಮೊದ್ಲು, ನೆಟ್ಟಗಿನ ದಾರೀಲಿ ಓಡೋ ಅಂಥದ್ದು ಇದ್ರೆ ತಗೊಂಡು ಬಾ. ನೋಡೋಣ. ಮಾತು ಕೊಡಲ್ಲ. ಆ ಶರಬತ್ತು ಕುಡಿ, ಚೆಲ್ಬೇಡ."

ಲುತ್ಫಿ ಕುಡಿದ. ಹೊರಗೆ ತಫೀದಾ ಬಾಗಿಲ ಹತ್ತಿರ ನಿಂತಿದ್ದಳು. ಅವನ ಮುಖ ನೋಡಲಿಲ್ಲ. ಅದೊಂದನ್ನು ಅವನಿಗೆ ತಡೆಯಲಾಗಲಿಲ್ಲ.

ಗಲಾಲ್ ಬೀದಿಗೆ ಬಂದ ಮೇಲೆ ಬಾಯಿ ಬಿಟ್ಟ.

"ಅವಳು ಅಲ್ಲಿ ಹೋಗಿ ಕೂತಳು. ಅವಳು ಬರೆದಿದ್ದೇ ನಮ್ಮ ಕುತ್ತಿಗೆಗೆ ಬಂತು. ನೀನು ಇಲ್ಲಿ ಅವಳನ್ನ ಕಾಯ್ತೀಯ. ನನಗೆ ಹೆಂಡ್ತಿ ಮಕ್ಕಳಿದ್ದಾರೆ ಕಣೋ! ನಿನ್ನ ಹಾಗೆ ಬರೀ ನೆನಪು ತಿಂದ್ಕೊಂಡು ಬದುಕಕ್ಕಾಗಲ್ಲ!"

"ಬೇರೆ ಕೆಲಸ ನೋಡ್ಕೋ ಹಾಗಾದ್ರೆ."

"ನೋಡ್ಕೋತೀನಿ!"

ಅವನು ಟ್ರಾಮ್ ಹತ್ತಿ ಹೋದ. ಲುತ್ಫಿ ಫ್ಲಾಪಿಯನ್ನು ಎರಡೂ ಕೈಯಲ್ಲಿ ಹಿಡಿದು ಮಡಿಸಿ ಮುರಿದ. ಒಳಗಿನ ಕಪ್ಪು ಹಾಳೆಯನ್ನು ಎಳೆದು ಹರಿದು, ತುಂಡುಗಳನ್ನು ಬೇರೆ ಬೇರೆ ಚರಂಡಿಗೆ ಹಾಕಿದ. ಇನ್ಶಿರಾಳಿಗೆ ಇದನ್ನು ಹೇಳಬಾರದು ಎಂದುಕೊಂಡ. ಹೇಳಿದರೆ ಅದು ಅವಳ ತಲೆ ಮೇಲೆ ಹೊರೆಯಾಗುತ್ತದೆ. ಅವಳು ಹೊರೆ ಹೊತ್ತು ಬಂದರೆ ಅದು ಬಂದಂತೆ ಆಗುವುದಿಲ್ಲ.

ಭಾನುವಾರ ಅವನು ಒಬ್ಬನೇ ಆಫೀಸಿನಲ್ಲಿ ಕೂತು ಲೆಕ್ಕ ಹಾಕಿದ. ಹಿತ್ತಲ ಬಾಗಿಲಿಲ್ಲದೆ, ಪುಸ್ತಕದಲ್ಲಿರುವ ಬಾಗಿಲುಗಳಿಂದಲೇ ಮಿದಾದ್ ಓಡಬೇಕೆಂದರೆ ಇರುವುದು ಒಂದೇ ದಾರಿ. ಅಕ್ಷರ ಬಿಡಿಸುವ ಭಾಗ ಹಳೆಯ ಸಿಸ್ಟಮ್ಮಿಗೆಂದು ಬರೆದದ್ದು. ಕಂಪನಿ ಈಗ ಎಲ್ಲ ಯಂತ್ರಕ್ಕೂ ಹಾಕಿರುವ ಹೊಸ ಸಿಸ್ಟಮ್ಮಿಗೆ ಅದು ಹೊಂದದೆ ನಿಧಾನವಾಗುತ್ತದೆ. ಅದನ್ನು ಪೂರ್ತಿ ಕಿತ್ತು, ಬುಡದಿಂದ ಬೇರೆ ರೀತಿಯಲ್ಲಿ ಬರೆಯಬೇಕು. ಅಂದರೆ ಇನ್ಶಿರಾ ಬರೆದದ್ದನ್ನೆಲ್ಲ.

ಅವನು ತೆರೆದ. ಅವಳು ಹೋದ ಮೇಲೆ ಆ ಭಾಗವನ್ನು ಅವನು ಒಮ್ಮೆಯೂ ತೆರೆದಿರಲಿಲ್ಲ. ಸಾಲುಗಳ ನಡುವೆ ಅಲ್ಲಲ್ಲಿ ಅವಳು ತನಗಾಗಿ ಮಾತುಗಳನ್ನು ಬರೆದಿಟ್ಟಿದ್ದಳು. ಯಂತ್ರ ಓದದ ಮಾತುಗಳು. 'ಇಲ್ಲಿಗೆ ಬಂದಾಗ ಲುತ್ಫಿ ಬೈತಾನೆ. ಬೈಯಲಿ, ಇದು ಸರಿಯಾಗಿದೆ.' ಇನ್ನೊಂದು ಕಡೆ, 'ಇವತ್ತು ರಂಜಾನಿನ ಮೊದಲ ದಿನ, ತಲೆ ಓಡ್ತಿಲ್ಲ, ನಾಳೆ ನೋಡಬೇಕು.' ನಾಳೆ ನೋಡಿರಲಿಲ್ಲ. ಅಲ್ಲೊಂದು ತಪ್ಪು ಹಾಗೆಯೇ ಉಳಿದಿತ್ತು. ಮಿದಾದ್ ಒಮ್ಮೊಮ್ಮೆ ಅಕ್ಷರದ ಒಂದು ಚುಕ್ಕೆ ನುಂಗುವುದು ಏಕೆ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಲುತ್ಫಿಗೆ ಜೋರಾಗಿ ನಗು ಬಂತು. ಎದುರಿನ ಮೇಜಿಗೆ ಹೇಳಲು ತಲೆ ಎತ್ತಿದ.

ಮೊದಲ ಸಾಲನ್ನು ಅಳಿಸಿದ. ಅದರ ಜಾಗದಲ್ಲಿ ತನ್ನದನ್ನು ಬರೆದ. ಎರಡನೆಯದನ್ನು ಅಳಿಸಿದ.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಗಲಾಲ್ ಬಂದ. ಕಂಕುಳಲ್ಲಿ ಬಿಸಿ ರೊಟ್ಟಿ, ಕಾಗದದ ಪೊಟ್ಟಣದಲ್ಲಿ ಫಲಾಫಲ್. ಏನೂ ಆಗದವನಂತೆ ಮೇಜಿನ ಮೇಲಿಟ್ಟ.

"ಕೆಲಸ ಸಿಗಲಿಲ್ವಾ?" ಅಂದ ಲುತ್ಫಿ.

"ನನ್ನ ಮುಖಕ್ಕೆ ಯಾರು ಕೊಡ್ತಾರೆ? ಏನ್ ಮಾಡ್ತಿದ್ದೀಯ?" ತೆರೆಯ ಕಡೆ ಬಗ್ಗಿ ನೋಡಿದ. ಅವನ ದನಿ ಬದಲಾಯಿತು. "ಇದು ಅವಳದ್ದಲ್ವಾ?"

"ಹೂಂ."

"ಪೂರ್ತಿ ತೆಗೀತೀಯಾ?"

"ತೆಗೀದೆ ಓಡಲ್ಲ."

ಗಲಾಲ್ ತನ್ನ ಬೋಳು ತಲೆಯ ಮೇಲೆ ಕೈಯಾಡಿಸಿಕೊಂಡ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ. ಎದುರಿನ ಮೇಜಿಗೆ ಹೋಗಿ ಕೂರಲಿಲ್ಲ.

"ಹಳೇದನ್ನ ಒಂದು ಕಡೆ ಇಟ್ಟಿರ್ಲಾ? ಒಂದು ಫ್ಲಾಪಿಲಿ?"

"ಬೇಡ," ಅಂದ ಲುತ್ಫಿ.

ರೊಟ್ಟಿ ಮುರಿದು ಅರ್ಧವನ್ನು ಗಲಾಲನಿಗೆ ಕೊಟ್ಟ. ತಿಂದ. ಬೆರಳು ಒರೆಸಿಕೊಂಡ.

"ಇಡು," ಅಂದ. ಆಮೇಲೆ ಮುಂದಿನ ಸಾಲಿಗೆ ಹೋದ.